ಉತ್ತರ ಹೇಳಿ, ಪಾಕ್

ಸರ್ಮಿನಿಯ ಎರಡೂ ಪಾದಗಳ ಮೇಲೆ, ಕಾಲ್ಗಿಣ್ಣಿನ ಹತ್ತಿರ, ಕಪ್ಪಗೆ ಜಡ್ಡುಗಟ್ಟಿದ ಗುರುತುಗಳಿವೆ. ಗೊಂಬೆಯಾಟದ ಮೇಳದಲ್ಲಿ ಹಾಡುವ ಹೆಂಗಸು ಮಂಡಿ ಮಡಿಸಿ, ಹಿಮ್ಮಡಿಯ ಮೇಲೆ ಭಾರ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಕೂತ ಮೇಲೆ ಆಟ ಮುಗಿಯುವ ತನಕ ಏಳುವ ಹಾಗಿಲ್ಲ. ಗಂಡಸರು ಮದ್ದಳೆ ಬದಿಗಿಟ್ಟು ಕಾಲು ಚಾಚುತ್ತಾರೆ, ಹಿಂದೆ ಹೋಗಿ ಲವಂಗದ ಸಿಗರೇಟು ಸೇದಿ ಬರುತ್ತಾರೆ, ಹಾಡಿಲ್ಲದಾಗ ತೂಕಡಿಸುತ್ತಾರೆ. ಅವಳು ಮಾತ್ರ ಜನರ ಕಣ್ಣೆದುರು, ತುರುಬಿನ ಹೂವು ಅಲುಗದ ಹಾಗೆ, ನಗುಮುಖದಲ್ಲಿ ಇರಬೇಕು. ಈ ನಿಯಮ ಮಾಡಿದ ಪುಣ್ಯಾತ್ಮನನ್ನು ಹಿಡಿದು ಒಂದು ದಿನ ಹಾಗೆ ಕೂರಿಸಬೇಕು ಅಂತ ನನಗೆ ಬಹಳ ಆಸೆಯಿದೆ.

ಅವಳ ಊರು ಕರಾಂಗ್‌ಡುವೆತ್, ಕ್ಲಾತೆನ್ ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಮ್ಮ ಸೋಯಾಕಾಳಿನ ತೆಂಪೆ ಮಾಡಿ ಬಾಳೆಲೆಯಲ್ಲಿ ಕಟ್ಟಿ ಸಂತೆಗೆ ಒಯ್ಯುತ್ತಿದ್ದಳು. ಕೊಯ್ಲಿನ ದಿನಗಳಲ್ಲಿ ಅಮ್ಮನ ಜತೆ ಗದ್ದೆಗೆ ಹೋದಾಗಲೇ ಸರ್ಮಿನಿಗೆ ಒಗಟುಪದಗಳ ಹುಚ್ಚು ಹಿಡಿದದ್ದು. ತೆನೆ ಕುಯ್ಯುತ್ತ ಒಬ್ಬಳು ಮೊದಲ ಸಾಲಿನಲ್ಲಿ ಒಂದು ವಸ್ತುವನ್ನು ಹೆಸರು ಹೇಳದೆ ಅಡಗಿಸುತ್ತಾಳೆ. ಇನ್ನೊಬ್ಬಳು ಅದರ ಹೆಸರನ್ನು ಬೇರೊಂದು ಅರ್ಥದಲ್ಲಿ ತಂದು ಎರಡನೇ ಸಾಲಿನಲ್ಲಿ ಕೂರಿಸಬೇಕು. ‘ಕಟ್ಟೆಯ ಮೇಲೆ ನೆರಳು ಚೆಲ್ಲಿ ನಿಂತ ಮರ’ ಎಂದು ಒಬ್ಬಳು ಹಾಡಿದರೆ, ‘ಅರಳಿ ನಿಂತಿದೆಯಲ್ಲೇ ಮುಖ, ಯಾರು ಬಂದರೇ ಮನೆಗೆ?’ ಎಂದು ಇನ್ನೊಬ್ಬಳು. ದೊಡ್ಡವರು ತಡವರಿಸುವ ಹೊತ್ತಿಗೆ ಸರ್ಮಿನಿ ಬದುವಿನ ಮೇಲಿಂದಲೇ ಎರಡನೇ ಸಾಲು ಎಸೆದುಬಿಡುತ್ತಿದ್ದಳು. ‘ಈ ಹುಡುಗಿ ನಾಲಗೆ ಮೇಲೆ ಏನೋ ಇದೆ ಕಣೇ’ ಎಂದು ಹೆಂಗಸರು ಅವಳಮ್ಮನಿಗೆ ಹೇಳುತ್ತಿದ್ದರು.

ಮೇಳದ ಹಾಡುಗಾರ್ತಿಗೆ ಬೇಕಾದದ್ದೂ ಅದೇ ನಾಲಗೆ. ಇಪ್ಪತ್ತಕ್ಕೆ ಮೇಳ ಸೇರಿದಳು, ಅಲ್ಲಿ ದೊಡ್ಡ ಜಾಗಟೆ ಬಾರಿಸುತ್ತಿದ್ದ ವಾಗಿಮಾನನನ್ನು ಮದುವೆಯಾದಳು, ಮಗಳು ಪಲುಪಿ ಹುಟ್ಟಿದಳು. ಮಗುವಿಗೆ ನಾಲ್ಕು ತುಂಬುವಾಗ ವಾಗಿಮಾನ ಜ್ವರದಲ್ಲಿ ತೀರಿಕೊಂಡ. ನೂರನೇ ದಿನದ ಪ್ರಾರ್ಥನೆ, ಊಟ ಎಲ್ಲ ಮುಗಿದ ಮುಂದಿನ ವಾರ ಮೇಳದ ಯಜಮಾನ, ಗೊಂಬೆ ಆಡಿಸುವ ದಲಾಂಗ್ ಗುಪಿತೊ, ಮನೆ ಬಾಗಿಲಿಗೇ ಬಂದ. ‘ಯು, ಅತ್ತಿದ್ದು ಸಾಕು. ಬಂದು ಹಾಡು’ ಎಂದ. ಯು ಅಂದರೆ ಅಕ್ಕ. ಅವಳಿಗಿಂತ ಎಂಟು ವರ್ಷ ದೊಡ್ಡವನಾದರೂ ಹಾಗೇ ಕರೆಯುತ್ತಿದ್ದ, ಅವಳು ಅವನನ್ನು ಪಾಕ್, ಅಂದರೆ ಹಿರಿಯರನ್ನು ಕರೆಯುವ ‘ಅಪ್ಪ’, ಎನ್ನುತ್ತಿದ್ದಳು. ಅವನು ಕೆಟ್ಟವನಲ್ಲ. ಆವತ್ತು ಅವನು ಬರದೇ ಹೋಗಿದ್ದರೆ ಅವಳು ತೆಂಪೆ ಕಟ್ಟುತ್ತ ಕೂರಬೇಕಿತ್ತು. ಇದನ್ನು ಅವಳೇ ಹೇಳುತ್ತಾಳೆ, ಊರವರು ನಾವ್ಯಾರೂ ಅಲ್ಲಗಳೆಯುವುದಿಲ್ಲ.

ಅದೇ ವರ್ಷ ಒಂದು ಆಟದ ನಡುವೆ, ಹಾಸ್ಯದ ಭಾಗದಲ್ಲಿ, ಗುಪಿತೊ ಗೊಂಬೆ ಕೆಳಗಿಟ್ಟು ಜನರ ಕಡೆ ತಿರುಗಿದ.

‘ನಮ್ಮ ಯು ಸರ್ಮಿನಿ ಮನೇಲಿ ಒಂದಿದೆಯಪ್ಪ. ಹಗಲೆಲ್ಲ ಸುತ್ತಿಕೊಂಡು ಮೂಲೇಲಿ ನಿಂತಿರುತ್ತೆ. ಕತ್ತಲಾದ್ರೆ ಬಿಚ್ಚಿಕೊಳ್ಳುತ್ತೆ. ಯಾರು ಬಂದ್ರೂ ಬೇಡ ಅನ್ನಲ್ಲ. ಏನದು?’

ಜನ ಬಿದ್ದು ಬಿದ್ದು ನಕ್ಕರು. ಯಾರಾದರೂ ಉತ್ತರ ಹೇಳುವ ಮೊದಲೇ ಅವನು ಮರದ ಸುತ್ತಿಗೆಯಿಂದ ಗೊಂಬೆಪೆಟ್ಟಿಗೆಯನ್ನು ಟಕ್ ಎಂದು ಹೊಡೆದು ಹಾಡಿಗೆ ಸನ್ನೆ ಕೊಟ್ಟ. ಎಲ್ಲ ಉಪಾಯ ಇದ್ದದ್ದು ಅಲ್ಲೇ. ಉತ್ತರ ಹೇಳಿದರೆ ಅದು ಚಾಪೆ. ಹೇಳದಿದ್ದರೆ ಸರ್ಮಿನಿ.

ಹತ್ತೊಂಬತ್ತು ವರ್ಷ ಆ ಒಗಟು ಅವಳ ಬೆನ್ನು ಬಿಡಲಿಲ್ಲ. ಆಟ ಯಾವ ಊರಲ್ಲೇ ಇರಲಿ, ‘ಚಾಪೆ ಎಲ್ಲಿ, ಚಾಪೆ ಬರಲಿ’ ಎಂದು ಜನ ಕೂಗುವವರೆಗೆ ಗುಪಿತೊ ಬೇಕೆಂದೇ ಕಾಯಿಸುತ್ತಿದ್ದ. ಸಂತೆಯಲ್ಲಿ ಚಾಪೆ ಮಾರುವವನು ಅವಳನ್ನು ಕಂಡರೆ ಒಂದು ಸುರುಳಿ ಎತ್ತಿ ತೋರಿಸುತ್ತಿದ್ದ. ಪಲುಪಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯಿಂದ ಬಂದು, ಮನೆಯ ಚಾಪೆಗಳನ್ನೆಲ್ಲ ಹಿತ್ತಲಿಗೆ ಒಯ್ದು ಸುಟ್ಟಳು. ಆಮೇಲೆ ಆ ಮನೆಯಲ್ಲಿ ಎಲ್ಲರೂ ಮಂಚದ ಮೇಲೇ ಕೂರುತ್ತಿದ್ದರು.

ಒಮ್ಮೆ ಸರ್ಮಿನಿ ಸಿಟ್ಟುಮಾಡಿಕೊಂಡು ಸ್ರಾಗೆನ್ ಕಡೆಯ ಇನ್ನೊಂದು ಮೇಳ ಸೇರಿದಳು. ಮೊದಲ ಆಟದಲ್ಲೇ ಹಿಂದಿನ ಸಾಲಿನಿಂದ ಯಾರೋ ‘ಚಾಪೆ’ ಎಂದರು. ಹೊಸ ದಲಾಂಗ್ ಹುಡುಗನಿಗೆ ಅರ್ಥವಾಗಲಿಲ್ಲ, ವಿಚಾರಿಸಿ ತಿಳಿದುಕೊಂಡ. ಎರಡನೇ ಆಟಕ್ಕೆ ತಾನೇ ಒಗಟು ಕಲಿತುಕೊಂಡು ಬಂದಿದ್ದ, ಅದೂ ಅರ್ಧಂಬರ್ಧ. ‘ಕೇಳಲೇಬೇಕು ಅಂದ್ರೆ ಸರಿಯಾಗಿ ಹೇಳೋನ ಬಾಯಲ್ಲೇ ಕೇಳ್ತೀನಿ’ ಎಂದು ಎರಡು ತಿಂಗಳಿಗೆ ವಾಪಸು ಬಂದಳು. ಗುಪಿತೊ ಏನೂ ಆಗಿಲ್ಲ ಎಂಬಂತೆ ಅವಳ ಜಾಗ ಒರೆಸಿಟ್ಟಿದ್ದ.

ಪಲುಪಿ ನರ್ಸ್ ಆದಳು, ಬೊಯೊಲಾಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಒಬ್ಬ ಹುಡುಗ ಒಪ್ಪಿಗೆಯಾದ. ಹುಡುಗನ ತಾಯಿ ಹಾರ್ಜಾಂತಿ ರಿಟೈರಾದ ಹೆಡ್‌ಮಿಸ್ಸು. ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಹೆಣ್ಣು ನೋಡಲು ಬಂದ ದಿನ ಸರ್ಮಿನಿ ಒಳ್ಳೆಯ ಟೀ ಮಾಡಿ, ಬೆಲ್ಲದ ಅಂಟುಂಡೆ ಇಟ್ಟಳು. ‘ನಿಮ್ಮ ಮಗಳು ಹೇಳಿದಳು, ನೀವು ಹಾಡ್ತೀರಂತೆ’ ಎಂದರು ಹಾರ್ಜಾಂತಿ. ‘ಸ್ವಲ್ಪ’ ಎಂದಳು ಸರ್ಮಿನಿ. ಮಾತು ಮುಂದುವರಿಯುವ ಮೊದಲೇ ಅಂಟುಂಡೆಯ ತಟ್ಟೆ ಅವರ ಕಡೆ ಸರಿಸಿದಳು.

ಅವರು ಹೋದ ಮೇಲೆ ಪಲುಪಿ ಲೋಟ ತೊಳೆಯುತ್ತ, ತಿರುಗಿ ನೋಡದೆ ಕೇಳಿದಳು: ‘ಅಮ್ಮಾ, ಮದುವೆಗೆ ಪಾಕ್ ಗುಪಿತೊ ಬರ್ತಾರಾ?’

‘ಕರೀದೇ ಇರಕ್ಕಾಗುತ್ತಾ?’

‘ಕರಿ. ಬರೀ ಊಟಕ್ಕೆ ಕರಿ.’

ಆದರೆ ಗುಪಿತೊ ಅಷ್ಟರಲ್ಲಿ ಊರೆಲ್ಲ ಸಾರಿಯಾಗಿತ್ತು. ಸರ್ಮಿನಿಯ ಮಗಳ ಮದುವೆಗೆ ಇಡೀ ಮೇಳ ಹಗಲು ಕಛೇರಿ ಕೊಡುತ್ತದೆ, ಅದು ತನ್ನ ಉಡುಗೊರೆ, ಪೆಂಡಾಲಿನಲ್ಲಿ ಮಾತುಗಾರಿಕೆಯೂ ತನ್ನದೇ. ನಮ್ಮಲ್ಲಿ ಮದುವೆಗೆ ತಂದ ಉಡುಗೊರೆಯನ್ನು ಬೇಡವೆನ್ನುವುದು ತಂದವನ ಮುಖಕ್ಕೆ ಬಾಗಿಲು ಹಾಕಿದಂತೆ. ಅದರಲ್ಲೂ ಅನ್ನ ಕೊಟ್ಟವನು. ಸರ್ಮಿನಿ ಎರಡು ರಾತ್ರಿ ಯೋಚಿಸಿ, ಸಕ್ಕರೆ, ಟೀಪುಡಿ ಕಟ್ಟಿಕೊಂಡು ಅವನ ಮನೆಗೆ ಹೋದಳು. ಗುಪಿತೊ ಜಗಲಿಯಲ್ಲಿ ತನ್ನ ಬೆಳವನ ಹಕ್ಕಿಗೆ ಕಾಳು ಹಾಕುತ್ತಿದ್ದ.

‘ಮೇಳ ತರ್ತೀರಂತೆ ಪಾಕ್. ದೊಡ್ಡ ಉಪಕಾರ.’

‘ಉಪಕಾರ ಏನು ಬಂತು ಯು. ಪಲುಪಿನ ಈ ತೋಳಲ್ಲಿ ಮಲಗಿಸಿದೀನಿ. ನೀನು ಹಾಡೋವಾಗ ಅವಳನ್ನ ನೋಡಿಕೊಂಡಿದ್ದು ನಮ್ಮ ಮನೆಯವಳೇ ಅಲ್ವಾ?’

‘ಒಂದೇ ಒಂದು ಮಾತು. ಚಾಪೆ ಮಾತ್ರ ಬೇಡ.’

‘ಯಾವ ಚಾಪೆ?’

‘ನಿಮಗೆ ಗೊತ್ತು.’

ಅವನು ನಕ್ಕ. ‘ಆ ಒಗಟಲ್ಲಿ ಕೆಟ್ಟ ಮಾತು ಯಾವುದಿದೆ, ತೋರಿಸು. ಸುತ್ತೋದು ಕೆಟ್ಟದ್ದಾ? ಬಿಚ್ಚೋದು ಕೆಟ್ಟದ್ದಾ? ಕೇಳೋರ ತಲೇಲಿ ಕೊಳಕಿದ್ರೆ ನಾನೇನ್ ಮಾಡ್ಲಿ?’

ಹತ್ತೊಂಬತ್ತು ವರ್ಷದಿಂದ ಅವನದ್ದು ಇದೇ ವಾದ. ಮಾತುಗಳು ನಿಜವಾಗಿಯೂ ಶುದ್ಧವಾಗಿದ್ದವು. ಹಿಡಿಯಲು ಹೋದರೆ ಕೈಗೆ ಸಿಗುತ್ತಿದ್ದದ್ದು ಬರೀ ಚಾಪೆ.

‘ಬೀಗಿತ್ತಿ ಹೆಡ್‌ಮಿಸ್ಸು ಪಾಕ್’ ಎಂದಳು.

‘ಹೆಡ್‌ಮಿಸ್ಸಾದ್ರೆ ನಗಲ್ವಾ? ನೋಡೋಣ ಬಿಡು.’

ಆ ‘ನೋಡೋಣ’ವನ್ನು ಹೊತ್ತುಕೊಂಡು ಅವಳು ಮನೆಗೆ ಬಂದಳು. ಮಗಳಿಗಾಗಿ ಒಂದು ಒಗಟುಪದ ಕಟ್ಟಿದ್ದಳು, ನಾಲ್ಕು ತಿಂಗಳು ತಿದ್ದಿ ತಿದ್ದಿ. ಮದುವೆಮನೆಯ ಬಾಗಿಲಿಗೆ ಗೊನೆಯ ಸಮೇತ ಕಟ್ಟುವ ಬಾಳೆಗಿಡದ ಮೇಲೆ ಹೆಣೆದದ್ದು. ಮೊದಲ ಸಾಲು, ‘ಒಂದೇ ಗೊನೆ ಕೊಟ್ಟು ಒರಗುವ ತಾಯಿ, ಬಾಗಿಲಲಿ ನಿಂತಿಹಳು.’ ಎರಡನೆಯದು, ‘ಬಾಳೇ ಹಾಗೆ ಮಗಳೇ, ಕೊಟ್ಟು ಹಗುರಾಗುವುದು.’ ಇದನ್ನು ಯಾರ ಮುಂದೆಯೂ ಹಾಡಿರಲಿಲ್ಲ.

ಮದುವೆಯ ಬೆಳಗ್ಗೆ ಪೆಂಡಾಲು ತುಂಬಿತ್ತು. ಹಣೆಯ ಮೇಲೆ ಕಪ್ಪು ಬಳಿದು ಚಿನ್ನದ ಅಂಚು ಬರೆಸಿಕೊಂಡ ಪಲುಪಿ ಗೊಂಬೆಯ ಹಾಗೆ ಕೂತಿದ್ದಳು, ಅಲುಗಿದರೆ ಅಲಂಕಾರ ಕೆಡುತ್ತದೆ. ಸರ್ಮಿನಿ ಬೀಗಿತ್ತಿಯ ಪಕ್ಕದ ಕುರ್ಚಿಯಲ್ಲಿ, ಬದುಕಿನಲ್ಲಿ ಮೊದಲ ಸಲ ಮೇಳದ ಎದುರುಗಡೆ, ಕಾಲು ಇಳಿಬಿಟ್ಟು ಕೂತಿದ್ದಳು. ಗುಪಿತೊ ಮೈಕು ಹಿಡಿದು ಎರಡು ಗಂಟೆ ಒಂದೂ ತಪ್ಪು ಮಾತಾಡಲಿಲ್ಲ. ಬಂದವರನ್ನು ಗೌರವದಿಂದ ಸ್ವಾಗತಿಸಿದ, ವಾಗಿಮಾನನ ಹೆಸರೆತ್ತಿ ಕಣ್ಣು ಒರೆಸಿಕೊಂಡ. ಸರ್ಮಿನಿಯ ಭುಜ ಸಡಿಲವಾಯಿತು.

ಆಗ ಅವನು, ‘ಹೆಣ್ಣಿನ ತಾಯಿ ಒಂದು ಪದ ಹಾಡದೇ ಇದ್ರೆ ಹೇಗೆ? ಬಾ ಯು’ ಎಂದ. ಜನ ಚಪ್ಪಾಳೆ ತಟ್ಟಿದರು. ಹಾರ್ಜಾಂತಿಯೂ ತಲೆಯಾಡಿಸಿದರು. ಅವಳು ಹೋಗಿ ತನ್ನ ಹಳೇ ಜಾಗದಲ್ಲಿ ಮಂಡಿ ಮಡಿಸಿ ಕೂತಳು. ಮದ್ದಳೆಯ ಸುಕಿರಾನ್ ಮುದುಕ ಅವಳನ್ನು ನೋಡಿ ನಕ್ಕ. ವಾದ್ಯ ಮೆಲ್ಲಗೆ ಎದ್ದಿತು, ಅವಳು ಮೊದಲ ಸಾಲು ಹಾಡಿದಳು. ಪದ ತನಗಾಗಿ ಕಟ್ಟಿದ್ದೆಂದು ಪಲುಪಿಗೆ ತಿಳಿಯಿತು. ಗೊಂಬೆಯ ಮುಖ ಹಾಗೇ ಇತ್ತು, ಕಣ್ಣು ಮಾತ್ರ ತುಂಬಿದವು.

ಅಷ್ಟರಲ್ಲಿ ಪೆಂಡಾಲಿನ ಮೂಲೆಯಿಂದ ಯಾರೋ ‘ಚಾಪೆ’ ಎಂದರು. ಇನ್ನಿಬ್ಬರು ಕೂಗಿದರು. ವಾದ್ಯ ತಗ್ಗಿದ ದನಿಯಲ್ಲಿ ನಡೆಯುತ್ತಲೇ ಇತ್ತು. ಗುಪಿತೊ ಸರ್ಮಿನಿಯ ಕಡೆ ನೋಡಿದ, ಜನರ ಕಡೆ ನೋಡಿದ. ಜನ ಕೇಳಿದ್ದನ್ನು ಕೊಡದೆ ಅವನು ಒಂದು ದಿನವೂ ಮೈಕು ಕೆಳಗಿಟ್ಟವನಲ್ಲ. ‘ಬೀಗರಿಗೆ ಒಂದು ಒಗಟು’ ಎಂದ. ‘ಸರ್ಮಿನಿ ಮನೇಲಿ ಒಂದಿದೆ. ಹಗಲೆಲ್ಲ ಸುತ್ತಿಕೊಂಡು ಮೂಲೇಲಿ...’ ಕೊನೆಯವರೆಗೂ ಹೇಳಿದ. ಹೆಣ್ಣಿನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡಿನ ಕಡೆಯವರು ನಗಬೇಕೋ ಬೇಡವೋ ತಿಳಿಯದೆ ಹಾರ್ಜಾಂತಿಯ ಮುಖ ನೋಡಿದರು. ಹಾರ್ಜಾಂತಿ ಕನ್ನಡಕದ ಮೇಲಿಂದ ಸರ್ಮಿನಿಯನ್ನೇ ನೋಡುತ್ತಿದ್ದರು.

ಗುಪಿತೊ ಪಕ್ಕದಲ್ಲಿದ್ದ ಗೊಂಬೆಪೆಟ್ಟಿಗೆಗೆ ಟಕ್ ಎಂದು ಹೊಡೆದ. ಇದು ನಮ್ಮ ಸಂಗೀತದಲ್ಲಿರುವ ಒಂದು ಕಟ್ಟು: ಮದ್ದಳೆಯವನು ಸನ್ನೆ ಕೊಟ್ಟರೆ ಇಡೀ ಮೇಳ ನಡುದಾರಿಯಲ್ಲಿ ಗಕ್ಕನೆ ನಿಲ್ಲುತ್ತದೆ, ಹಾಡುಗಾರ್ತಿ ಒಬ್ಬಳೇ ಎರಡನೇ ಸಾಲು ಹಾಡುತ್ತಾಳೆ, ಅವಳ ಕೊನೆಯ ಸ್ವರ ಹಿಡಿದು ಮೇಳ ಮತ್ತೆ ಏಳುತ್ತದೆ. ಅವಳು ಹಾಡುವವರೆಗೆ ಒಂದು ಕೋಲೂ ಕೆಳಗಿಳಿಯುವ ಹಾಗಿಲ್ಲ. ನಗೆಯ ಮೇಲೆ ಅವಳ ಜೇನಿನಂಥ ದನಿ ಬರಲಿ ಎಂದು ಗುಪಿತೊ ಯಾವಾಗಲೂ ಒಗಟನ್ನು ಈ ನಿಲುಗಡೆಯ ಮುಂದೆಯೇ ಇಡುತ್ತಿದ್ದ. ಸುಕಿರಾನ್ ಸನ್ನೆ ಕೊಟ್ಟ. ಹದಿನಾರು ಜನರ ಕೈ ನಿಂತವು.

ಸರ್ಮಿನಿ ಬಾಯಿ ತೆರೆಯಲಿಲ್ಲ.

ಹಠವಲ್ಲ. ಮಗಳಿಗೆಂದು ಕಟ್ಟಿದ ಸಾಲನ್ನು ಆ ನಗೆಯ ಮೇಲೆ ಹಾಕಲು ಅವಳಿಂದ ಆಗಲಿಲ್ಲ. ನಗು ತಾನಾಗಿ ಸಣ್ಣಗಾಯಿತು, ನಿಂತಿತು. ಸುಕಿರಾನನ ಅಂಗೈ ಮದ್ದಳೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಾಗೇ ಇತ್ತು. ಜಾಗಟೆಯವನು ಕೋಲು ಹಿಂದಕ್ಕೆ ಎಳೆದು ಕಾಯುತ್ತಿದ್ದ. ಸರ್ಮಿನಿ ಒಬ್ಬೊಬ್ಬರನ್ನೇ ನೋಡಿದಳು. ಇಷ್ಟು ವರ್ಷ ತಾನು ಕೂತ ಹಾಗೆ ಈಗ ಎಲ್ಲರೂ ಕೂತಿದ್ದರು. ಯಾರಿಗೂ ಏಳುವ ಹಾಗಿರಲಿಲ್ಲ.

ಗುಪಿತೊ ಮತ್ತೆ ಟಕ್ ಎನಿಸಿದ. ಇನ್ನೊಮ್ಮೆ ಎನಿಸಿದ. ‘ಏನು ಯು, ಪದ ಮರೆತುಹೋಯ್ತಾ?’ ಎಂದ ಮೈಕಿನಲ್ಲಿ.

‘ಇಲ್ಲ ಪಾಕ್. ನಿಮ್ಮ ಒಗಟು ಮುಗಿದಿಲ್ಲ. ಉತ್ತರ ಹೇಳಿ, ಪಾಕ್.’

‘ಉತ್ತರ ಎಲ್ಲರಿಗೂ ಗೊತ್ತಲ್ಲ.’

‘ನನಗೆ ಗೊತ್ತಿಲ್ಲ. ನಮ್ಮ ಮನೇಲಿ ಇರೋದು ಅಂತೀರಿ, ನನಗೇ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಆಯ್ತು, ಹೇಳೇ ಇಲ್ಲ ನೀವು.’

ಗುಪಿತೊ ನಗಲು ನೋಡಿದ, ನಗೆ ಅರ್ಧಕ್ಕೆ ನಿಂತಿತು. ಸಾವಿರ ಆಟ ಆಡಿಸಿದ ಗುಪಿತೊಗೆ ಆ ಸಣ್ಣ ಮಾತು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಹಣೆಯ ಬೆವರು ಒರೆಸಿಕೊಂಡ.

‘ಚಾಪೆ’ ಎಂದ.

ಯಾರೂ ನಗಲಿಲ್ಲ. ಆಮೇಲೆ ಮೊದಲು ನಕ್ಕದ್ದು ಹಾರ್ಜಾಂತಿ. ‘ಚಾಪೆ’ ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಡೀ ಪೆಂಡಾಲು ನಕ್ಕಿತು, ಈ ಸಲ ಗುಪಿತೊನನ್ನು ನೋಡಿ. ಸರ್ಮಿನಿ ಕಣ್ಣು ಮುಚ್ಚಿ ಎರಡನೇ ಸಾಲು ಹಾಡಿದಳು. ಅವಳ ಕೊನೆಯ ಸ್ವರ ಹಿಡಿದು ಮೇಳ ಎದ್ದಿತು. ಪಲುಪಿಯ ಕಣ್ಣಿನ ಕಪ್ಪು ಕೆನ್ನೆಯವರೆಗೂ ಇಳಿಯಿತು, ಅಲಂಕಾರ ಮಾಡಿದವಳು ಹತ್ತಿ ಹಿಡಿದು ಓಡಿಬಂದಳು. ಆ ದಿನ ಸರ್ಮಿನಿ ತಟ್ಟೆ ತುಂಬ ಊಟ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ.

ಕೈತೊಳೆಯುವ ಕಡೆ ಹಾರ್ಜಾಂತಿ ಅವಳ ಕೈ ಹಿಡಿದುಕೊಂಡರು. ‘ಎಷ್ಟು ಚೆನ್ನಾಗಿ ಮಾಡಿದ್ರಿ. ನೀವೂ ಅವರೂ ಎಷ್ಟು ದಿನ ಅಭ್ಯಾಸ ಮಾಡಿದ್ರಿ ಇದಕ್ಕೆ?’

ಸರ್ಮಿನಿ ತಲೆ ಎತ್ತಿ ನೋಡಿದಳು. ಬೀಗಿತ್ತಿಯ ಹಿಂದೆ ಗುಪಿತೊ ನಿಂತಿದ್ದ. ಅವನ ಮುಖ ಅರಳಿತ್ತು, ಸಿಟ್ಟಿನ ಸುಳಿವೂ ಇರಲಿಲ್ಲ. ಅದನ್ನು ಕಂಡೇ ಅವಳಿಗೆ ಭಯವಾಯಿತು.

‘ಯು, ಇದನ್ನ ಬಿಡೋ ಹಾಗಿಲ್ಲ’ ಎಂದ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ವಾರದೊಳಗೆ ಅದು ಊರೂರು ಸುತ್ತಿತು. ಆಟಕ್ಕೆ ಕರೆಯಲು ಬಂದವರು, ಆ ಸುಮ್ಮನೆ ಕೂರೋದು ಇರಬೇಕು ಎಂದು ಮೊದಲೇ ಹೇಳಿ ಹೋಗುತ್ತಿದ್ದರು. ಸರ್ಮಿನಿ ಆಗುವುದಿಲ್ಲ ಎಂದಳು. ಗುಪಿತೊ ಒತ್ತಾಯ ಮಾಡಲಿಲ್ಲ, ನ್ಯಾಯ ಹೇಳಿದ.

‘ಚಾಪೆ ನಂದು ಅಂತ ಬೇಡ ಅಂದೆ, ಒಪ್ಪಿದೆ. ಇದು ನಿಂದೇ ಅಲ್ವಾ? ನೀನೇ ಮಾಡಿದ್ದು. ಜನ ಈಗ ನನ್ನ ನೋಡಿ ನಗ್ತಾರೆ, ನಿನ್ನ ನೋಡಿ ಅಲ್ಲ. ಇನ್ನೇನ್ ಬೇಕು ನಿನಗೆ?’

ಅವನ ಮಾತಿನಲ್ಲಿ ಆಗಲೂ ಎಂದಿನಂತೆ ತಪ್ಪು ಹಿಡಿಯುವಂಥದ್ದು ಏನೂ ಇರಲಿಲ್ಲ. ಪಲುಪಿಗೆ ಫೋನು ಮಾಡಿದಳು. ‘ಅಮ್ಮಾ, ನಮ್ಮತ್ತೆ ಅದನ್ನ ಎಲ್ಲರಿಗೂ ತೋರಿಸ್ತಾರೆ, ಹೆಮ್ಮೆಯಿಂದ ತೋರಿಸ್ತಾರೆ’ ಎಂದಳು ಮಗಳು. ಆ ದನಿಯಲ್ಲಿದ್ದ ಸಂತೋಷ ಕೇಳಿದ ಮೇಲೆ ಸರ್ಮಿನಿ ಗುಪಿತೊನ ಮಾತಿಗೆ ಒಪ್ಪಿಕೊಂಡಳು.

ಹೀಗೆ ಅವಳ ಮೌನಕ್ಕೂ ತಾಳ ಕಟ್ಟಿದರು. ಗುಪಿತೊ ಒಗಟು ಹೇಳುತ್ತಾನೆ, ಸುಕಿರಾನ್ ಮೇಳ ನಿಲ್ಲಿಸುತ್ತಾನೆ, ಅವಳು ಹನ್ನೆರಡು ಎಣಿಸುವವರೆಗೆ ಸುಮ್ಮನಿರಬೇಕು. ಅವನು ಎರಡು ಸಲ ಟಕ್ ಎನಿಸಿ ಪದ ಮರೆತುಹೋಯ್ತಾ ಎನ್ನುತ್ತಾನೆ. ಆಗ ಅವಳು ‘ಉತ್ತರ ಹೇಳಿ, ಪಾಕ್’ ಎನ್ನಬೇಕು. ಅವಳು ಬಾಯಿ ತೆರೆಯುವ ಮೊದಲೇ ನೂರಾರು ಜನ ಅದನ್ನು ಒಟ್ಟಿಗೆ ಹೇಳುತ್ತಾರೆ. ಬದುಕಿನಲ್ಲಿ ಅವಳು ಎದುರಾಡಿದ್ದು ಒಂದೇ ಮಾತು, ಅದು ಈಗ ಎಲ್ಲರ ಬಾಯಲ್ಲಿದೆ. ಬಾಳೆಯ ಪದವನ್ನು ಮಾತ್ರ ಅವಳು ಮತ್ತೆ ಹಾಡಲಿಲ್ಲ. ಅದನ್ನೇ ಹಾಡು ಎಂದು ಗುಪಿತೊ ಎಷ್ಟೋ ಸಲ ಕೇಳಿದ, ಮರೆತುಹೋಯಿತು ಎಂದಳು.

ಹೋದ ತಿಂಗಳು ಪಕ್ಕದ ಊರಿನ ಊರುಶುದ್ಧಿಯ ಹಬ್ಬಕ್ಕೆ ಮಧ್ಯಾಹ್ನದ ಆಟವಿತ್ತು. ಸರ್ಮಿನಿಗೆ ಈಗ ಐವತ್ತೊಂದು. ಒಗಟು ಆಯಿತು, ಮೇಳ ನಿಂತಿತು. ಅವಳು ಹನ್ನೆರಡು ಎಣಿಸಿದಳು. ಗುಪಿತೊ ಎರಡು ಸಲ ಟಕ್ ಎನಿಸಿ ಕೇಳಬೇಕಾದ್ದನ್ನು ಕೇಳಿದ, ಜನ ಅವಳ ಮಾತು ಹೇಳಿದರು, ಅವನು ‘ಚಾಪೆ’ ಎಂದ, ಎಲ್ಲರೂ ನಕ್ಕರು. ಇನ್ನು ಅವಳು ಹಾಡಬೇಕು. ಹಾಡಲಿಲ್ಲ. ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತ ಹೋದಳು. ನಗು ನಿಂತಿತು. ಸುಕಿರಾನ್ ಅವಳ ಕಡೆ ನೋಡಿದ, ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದಿದ್ದ. ಗುಪಿತೊ ನಗುತ್ತಲೇ ಇದ್ದ, ಆಮೇಲೆ ಹಲ್ಲು ಮಾತ್ರ ಕಾಣುತ್ತಿತ್ತು. ‘ಹಾಡು ಯು’ ಎಂದ ಮೈಕು ಪಕ್ಕಕ್ಕೆ ಸರಿಸಿ, ಮೆಲ್ಲಗೆ. ಮೂವತ್ತೊಂದಕ್ಕೆ ಅವಳು ಹಾಡಿದಳು.

ಅದಾದ ಮೇಲಿನ ಆಟದಲ್ಲಿ ನಲವತ್ತರವರೆಗೆ ಹೋದಳು. ಅದರ ಮುಂದಿನದರಲ್ಲಿ ಎಂಟಕ್ಕೇ, ಗುಪಿತೊ ಕೇಳುವ ಮೊದಲೇ, ಹಾಡಿಬಿಟ್ಟಳು. ಎಷ್ಟಕ್ಕೆ ಹಾಡುತ್ತಾಳೆಂದು ಅವಳಿಗೂ ಮೊದಲೇ ತಿಳಿದಿರುವುದಿಲ್ಲವಂತೆ, ನನಗೆ ಅವಳೇ ಹೇಳಿದ್ದು. ಎಲ್ಲಿಗೂ ಹೋಗಲಿಲ್ಲ, ಮೇಳ ಬಿಡಲಿಲ್ಲ, ಮಂಡಿ ಮಡಿಸಿ ಅದೇ ಜಾಗದಲ್ಲೇ ಕೂತಿದ್ದಾಳೆ. ಆದರೆ ಮೇಳ ನಿಂತ ಕೂಡಲೇ ಗುಪಿತೊ ಈಗ ಜನರ ಕಡೆ ನೋಡುವುದಿಲ್ಲ. ಸುತ್ತಿಗೆ ಹಿಡಿದುಕೊಂಡು, ಅಲುಗದೆ, ಅವಳ ಬಾಯನ್ನೇ ನೋಡುತ್ತ ಕೂತಿರುತ್ತಾನೆ.